ಕುಂಡದ ಗಾಂಜಾ ಗಿಡ ಯಾರಿಗೆ ಬೇಡ?

ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ, ಹದಿನೆಂಟು ವರ್ಷ ತುಂಬಿದವರು ತಮ್ಮ ಮನೆಯಲ್ಲಿ ಮೂರು ಗಾಂಜಾ ಗಿಡ ಬೆಳೆಸಿಕೊಳ್ಳಬಹುದು. ಕನಿಷ್ಠ ಆರು ತಿಂಗಳಿಂದ ಆ ದೇಶದಲ್ಲಿ ವಾಸವಿರಬೇಕು. ಒಣಗಿಸಿದ ಮಾಲು ಮನೆಯಲ್ಲಿ 50 ಗ್ರಾಂ ಇರಬಹುದು, ಹೊರಗೆ ಹೋಗುವಾಗ ಜೊತೆಗೆ 25 ಗ್ರಾಂ. ಮಾರುವಂತಿಲ್ಲ. ಗೆಳೆಯನಿಗೆ ಪುಕ್ಕಟೆ ಕೊಡುವುದೂ ತಪ್ಪೇ. ಮಕ್ಕಳ ಕೈಗೆ ಸಿಗದ ಹಾಗೆ ಗಿಡವನ್ನು ಕಾಯಬೇಕು. ಇಷ್ಟೆಲ್ಲ ಕಟ್ಟುಪಾಡು ಹಾಕಿಕೊಂಡ ಈ ಕಾನೂನಿಗೆ ಅಲ್ಲಿನ ಸಂಸತ್ತಿನಲ್ಲಿ 407 ಮತಗಳು ಪರವಾಗಿ, 226 ವಿರುದ್ಧವಾಗಿ ಬಿದ್ದವು.

ಸರ್ಕಾರದ ಮೊದಲ ಆಸೆ ಇದಾಗಿರಲಿಲ್ಲ. 2022ರಲ್ಲಿ ಆರೋಗ್ಯ ಸಚಿವ ಕಾರ್ಲ್ ಲಾಟರ್‌ಬಾಕ್ ಮುಂದಿಟ್ಟ ಯೋಜನೆಯಲ್ಲಿ ಲೈಸೆನ್ಸ್ ಪಡೆದ ಅಂಗಡಿಗಳಿದ್ದವು, ತೆರಿಗೆಯಿತ್ತು, ದೊಡ್ಡ ಮಾರುಕಟ್ಟೆಯ ಕನಸಿತ್ತು. ಯುರೋಪಿನ ಒಕ್ಕೂಟದ ಕಾನೂನು ಮತ್ತು ಅಂತರರಾಷ್ಟ್ರೀಯ ಒಪ್ಪಂದಗಳು ಅಂಗಡಿಗೆ ಅಡ್ಡ ಬಂದವು. ಕೊನೆಗೆ ಉಳಿದದ್ದು ಎರಡು: ಗರಿಷ್ಠ 500 ಸದಸ್ಯರ, ಲಾಭ ಮಾಡಿಕೊಳ್ಳುವಂತಿಲ್ಲದ ಬೆಳೆಗಾರರ ಸಂಘಗಳು ಮತ್ತು ಮನೆಯ ಮೂರು ಗಿಡ. ಬೇರೆ ಗತಿಯಿಲ್ಲದೆ ಹಿಡಿದ ಈ ದಾರಿಯೇ, ಗಾಂಜಾವನ್ನು ಸಡಿಲಿಸಹೊರಟ ದೇಶಗಳ ಪೈಕಿ ಕಂಡ ಅತ್ಯಂತ ವಿವೇಕದ ದಾರಿ ಎಂಬುದು ನನ್ನ ವಾದ. ನಮ್ಮ ದೇಶದ ಕಾನೂನು ಇದಕ್ಕೆ ನೇರ ತಿರುಗುಮುರುಗಾಗಿದೆ ಎಂಬುದು ಅದರ ಮುಂದಿನ ಭಾಗ.

ಮೊದಲು ಆ ಹೊಸ ಬೆಳೆಗಾರನನ್ನು ನೋಡೋಣ. ಅಪಾರ್ಟ್‌ಮೆಂಟಿನಲ್ಲಿ ಬದುಕುವ, ಕೊತ್ತಂಬರಿಯನ್ನೂ ಬೆಳೆದು ಗೊತ್ತಿಲ್ಲದ ಮನುಷ್ಯ ಒಂದು ಪುಟ್ಟ ಬಟ್ಟೆಯ ಡೇರೆ, ಒಂದು ಎಲ್‌ಇಡಿ ದೀಪ, ಒಂದು ಫ್ಯಾನ್ ತಂದು ಕೋಣೆಯ ಮೂಲೆಯಲ್ಲಿ ಜೋಡಿಸುತ್ತಾನೆ. ತಾನೊಂದು ಯಂತ್ರ ಕೊಂಡೆ, ಇನ್ನು ಗಿಡ ತಾನೇ ಬರುತ್ತದೆ ಎಂದುಕೊಂಡಿರುತ್ತಾನೆ. ಗಿಡ ಹಾಗೆ ಬರುವುದಿಲ್ಲ. ಪ್ರೀತಿ ಹೆಚ್ಚಾಗಿ ದಿನವೂ ನೀರು ಸುರಿದು ಬೇರು ಕೊಳೆಸುತ್ತಾನೆ. ಗೊಬ್ಬರ ಹೆಚ್ಚಾಗಿ ಎಲೆಯ ತುದಿ ಸುಡುತ್ತದೆ. ಒದ್ದೆ ಮಣ್ಣಿನಿಂದ ಸಣ್ಣ ನೊಣಗಳೆದ್ದು ಅಡುಗೆಮನೆಯವರೆಗೂ ಹಾರುತ್ತವೆ. ವಾಸನೆ ಬಾಗಿಲ ಸಂದಿನಿಂದ ಪಕ್ಕದ ಮನೆಗೆ ಹೋಗುತ್ತದೆ. ಎಲ್ಲ ದಾಟಿ ಹೂವು ಬಿಟ್ಟ ಮೇಲೆ, ದಟ್ಟವಾದ ಹೂಗೊಂಚಲಿನ ಒಳಗೆ ಬೂದುಬಣ್ಣದ ಬೂಸ್ಟು ಕೂತು ಬೆಳೆ ಕಸದ ಬುಟ್ಟಿ ಸೇರುವುದೂ ಉಂಟು. ತೋಟದ ಕೆಲಸ ಬಲ್ಲ ಯಾವ ಅಜ್ಜಿಗೂ ಇದರಲ್ಲಿ ಹೊಸತೇನೂ ಕಾಣುವುದಿಲ್ಲ.

ಹೊಸಬನನ್ನು ಹೆಚ್ಚು ಗೊಂದಲಕ್ಕೆ ಕೆಡವುವುದು ಬೆಳಕು. ಗಾಂಜಾ ಹೂಬಿಡುವುದು ರಾತ್ರಿಗಳು ಉದ್ದವಾದಾಗ. ನಮ್ಮ ಸೇವಂತಿಗೆಯೂ ಇದೇ ಸ್ವಭಾವದ್ದು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊತ್ತು ಸೇವಂತಿಗೆ ಹೊಲಗಳಲ್ಲಿ ಸಾಲುಸಾಲು ಬಲ್ಬು ಉರಿಯುವುದನ್ನು ಕಂಡವರಿಗೆ ಗುಟ್ಟು ಗೊತ್ತಿರುತ್ತದೆ: ರಾತ್ರಿಯನ್ನು ಮುರಿದರೆ ಹೂವು ತಡವಾಗುತ್ತದೆ, ಹಬ್ಬದ ದರಕ್ಕೆ ಕಾಯಬಹುದು. ಕೋಣೆಯೊಳಗಿನ ಬೆಳೆಗಾರ ಆಡುವುದೂ ಇದೇ ಆಟ. ಬೇಸಿಗೆಯೂ ಶರತ್ಕಾಲವೂ ಅವನ ಸ್ವಿಚ್ಚಿನಲ್ಲಿರುತ್ತವೆ.

ಇಷ್ಟಾಗಿಯೂ ಬೆಳೆ ಚೆನ್ನಾಗಿ ಬಂದರೆ ಇನ್ನೊಂದು ಪೇಚು. ಸರಿಯಾಗಿ ಬೆಳೆದ ಮೂರು ಗಿಡಗಳು ಐವತ್ತು ಗ್ರಾಮಿಗಿಂತ ಹೆಚ್ಚು ಕೊಡುವುದು ಸಾಮಾನ್ಯ. ಹಿತ್ತಿಲ ಬಿಸಿಲಲ್ಲಿ ಬೆಳೆದದ್ದಂತೂ ಒಂದೇ ಗಿಡ ಅದನ್ನು ಮೀರಬಹುದು. ಮಿಕ್ಕಿದ್ದನ್ನು ನಾಶಮಾಡಬೇಕು. ಐವತ್ತು ದಾಟಿ ಅರವತ್ತರವರೆಗೆ ಇದ್ದರೆ ದಂಡ, ಅರವತ್ತು ದಾಟಿದರೆ ಅಪರಾಧ. ಅಂದರೆ ಬೆಳೆಯಲು ಬಾರದವನು ಕಾನೂನಿನ ಒಳಗೇ ಇರುತ್ತಾನೆ, ಬೆಳೆಯಲು ಕಲಿತವನು ಹೊರಗೆ ಬೀಳುತ್ತಾನೆ. ಈ ಕಾನೂನನ್ನು ಗೇಲಿ ಮಾಡಿದವರೆಲ್ಲ ಇದನ್ನೇ ಹಿಡಿದುಕೊಂಡರು. ಗೇಲಿ ನ್ಯಾಯವಾದದ್ದೇ. ಆದರೆ ಮಿತಿಯನ್ನು ನೂರು ಗ್ರಾಮಿಗೋ ಇನ್ನೂರು ಗ್ರಾಮಿಗೋ ಏರಿಸಿದರೆ ಸರಿಹೋಗುವ ದೋಷವಿದು. ಕಾನೂನಿನ ತಿರುಳಿಗೆ ತಟ್ಟುವಂಥದ್ದಲ್ಲ.

ತಿರುಳು ಏನು? ಗಾಂಜಾ ಸೇದುವವನು ಮಾರುವವನ ಬಾಗಿಲಿಗೆ ಹೋಗದಿರಲಿ ಎಂಬುದು. ಮಾರುವವನೆಂದರೆ ಬೀದಿಯ ದಲ್ಲಾಳಿ ಮಾತ್ರವಲ್ಲ, ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿಯೂ ಹೌದು. ಬೀದಿಯವನಿಗೆ ಬೇಕಾದದ್ದು ನಾಳೆಯೂ ಬರುವ ಗಿರಾಕಿ. ಕಂಪನಿಗೆ ಬೇಕಾದದ್ದೂ ಅದೇ, ಜಾಹೀರಾತಿನ ಸಮೇತ. ತನ್ನ ಮೂರು ಗಿಡಕ್ಕೆ ನೀರು ಹಾಕುತ್ತ ಕೂತವನಿಗೆ ಮಾತ್ರ ಇನ್ನೊಬ್ಬನಿಗೆ ಅಭ್ಯಾಸ ಹಿಡಿಸುವುದರಲ್ಲಿ ಯಾವ ಲಾಭವೂ ಇಲ್ಲ. ಅಮಲಿನ ವಸ್ತುವಿನ ಮಟ್ಟಿಗೆ ಇದು ಸಣ್ಣ ಗುಣವಲ್ಲ. ಹೆಂಡ, ಬೀಡಿ, ಗುಟ್ಕಾದ ಇತಿಹಾಸ ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಬಿಸಿಲು ಮಳೆಯಲ್ಲಿ ಬೇಲಿಯ ಬದಿಗೆ ತಾನಾಗಿ ಬೆಳೆಯುವ ಗಿಡ ಡೇರೆಯೊಳಗೆ ದೀಪದ ಕೆಳಗೆ ಬಂದು ನಿಂತದ್ದಾದರೂ ಯಾಕೆ? ಈ ಪ್ರಶ್ನೆಯನ್ನು ಹೊಸ ಬೆಳೆಗಾರರು ಕೇಳಿಕೊಳ್ಳುವುದೇ ಇಲ್ಲ. ದೀಪ, ಡೇರೆ, ಫಿಲ್ಟರುಗಳೆಲ್ಲ ಈ ಬೆಳೆಗೆ ಹುಟ್ಟಿನಿಂದ ಬಂದವೆಂದೇ ಅವರ ನಂಬಿಕೆ. ಅವು ಬಂದದ್ದು ಪೊಲೀಸರ ದೆಸೆಯಿಂದ. ಕ್ಯಾಲಿಫೋರ್ನಿಯಾದ ಉತ್ತರದ ಕಾಡುಗುಡ್ಡಗಳಲ್ಲಿ ಬಯಲಲ್ಲಿ ಬೆಳೆಯುತ್ತಿದ್ದ ಗಾಂಜಾದ ಮೇಲೆ 1983ರಿಂದ ಹೆಲಿಕಾಪ್ಟರ್ ದಾಳಿ ಶುರುವಾಯಿತು. ಆಕಾಶದಿಂದ ಕಾಣುವ ಬೆಳೆ ಕೊಟ್ಟಿಗೆಯೊಳಗೆ, ನೆಲಮಾಳಿಗೆಯೊಳಗೆ ಹೋಯಿತು. 1989ರ ಅಕ್ಟೋಬರಿನಲ್ಲಿ ಅಮೆರಿಕದ ಮಾದಕವಸ್ತು ನಿಗ್ರಹದಳ ದೀಪ ಮತ್ತು ಮಣ್ಣಿಲ್ಲದ ಕೃಷಿಯ ಸಾಮಾನು ಮಾರುವ ಅಂಗಡಿಗಳ ಮೇಲೆ ಹತ್ತಾರು ರಾಜ್ಯಗಳಲ್ಲಿ ಒಂದೇ ದಿನ ಮುಗಿಬಿತ್ತು. ಅಂಗಡಿಯ ಗಿರಾಕಿಗಳ ವಿಳಾಸ ಹಿಡಿದು ಮನೆಗಳಿಗೂ ಹೋಯಿತು. ಟೊಮೆಟೊ, ಆರ್ಕಿಡ್ ಬೆಳೆಯುವವರೂ ಅನುಮಾನದ ಪಟ್ಟಿಗೆ ಸೇರಿದರು.

ಮುಂದಿನ ಹೆಜ್ಜೆ ಇನ್ನೂ ಸೋಜಿಗದ್ದು. 1992ರಲ್ಲಿ ಒರೆಗಾನ್ ರಾಜ್ಯದ ಫ್ಲಾರೆನ್ಸ್ ಎಂಬ ಊರಲ್ಲಿ ಅಧಿಕಾರಿಗಳು ನಡುರಾತ್ರಿ ಕಳೆದ ಮೇಲೆ ಕಾರಿನಲ್ಲಿ ಕೂತು, ಶಾಖ ಅಳೆಯುವ ಕ್ಯಾಮೆರಾವನ್ನು ಒಬ್ಬನ ಮನೆಯ ಗೋಡೆಗೆ ಹಿಡಿದರು. ಗ್ಯಾರೇಜಿನ ಚಾವಣಿ ಬೇರೆ ಭಾಗಕ್ಕಿಂತ ಬಿಸಿಯಾಗಿತ್ತು. ಒಳಗೆ ದೀಪದ ಕೆಳಗೆ ನೂರಕ್ಕೂ ಹೆಚ್ಚು ಗಿಡಗಳು. ಕೈಲೋ ಮೊಕದ್ದಮೆ ಎಂದು ಹೆಸರಾದ ಈ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯಿತು. 2001ರಲ್ಲಿ ಐದು ನ್ಯಾಯಾಧೀಶರು ಒಂದೆಡೆ, ನಾಲ್ವರು ಇನ್ನೊಂದೆಡೆ. ಸಂಪ್ರದಾಯವಾದಿಯೆಂದು ಹೆಸರಾದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯ ಬಹುಮತದ ತೀರ್ಪು ಬರೆದರು: ವಾರಂಟಿಲ್ಲದೆ ಈ ಯಂತ್ರ ಹಿಡಿಯುವಂತಿಲ್ಲ, ಮನೆಯೊಡತಿ ರಾತ್ರಿ ಯಾವ ಹೊತ್ತಿಗೆ ಬಿಸಿನೀರ ಸ್ನಾನ ಮಾಡುತ್ತಾಳೆ ಎಂಬುದನ್ನೂ ಇದು ಹೇಳಿಬಿಡಬಹುದು. ಇಂದು ಮನೆಯ ಒಳಗಿನ ಖಾಸಗಿತನದ ಬಗ್ಗೆ ಅಮೆರಿಕದಲ್ಲಿ ವಾದಿಸುವ ಯಾವ ವಕೀಲನೂ ಈ ಗಾಂಜಾ ಗ್ಯಾರೇಜನ್ನು ನೆನೆಯದೆ ಮುಂದೆ ಹೋಗಲಾರ.

ಒಳಗೆ ತಳ್ಳಿದ್ದರ ಬೆಲೆ ಎರಡು ರೀತಿಯಲ್ಲಿ ತೆತ್ತದ್ದಾಯಿತು. ಒಂದು, ವಿದ್ಯುತ್ತು. ಅಮೆರಿಕದ ಒಟ್ಟು ವಿದ್ಯುತ್ ಬಳಕೆಯಲ್ಲಿ ಸುಮಾರು ಶೇ 1ರಷ್ಟು ಒಳಾಂಗಣ ಗಾಂಜಾಕ್ಕೆ ಹೋಗುತ್ತಿದೆ ಎಂದು ಇಂಧನ ವಿಜ್ಞಾನಿ ಇವಾನ್ ಮಿಲ್ಸ್ 2012ರಲ್ಲಿ ಲೆಕ್ಕ ಹಾಕಿದರು. ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದವರ 2021ರ ಅಧ್ಯಯನದ ಪ್ರಕಾರ ಒಳಗೆ ಬೆಳೆದ ಒಂದು ಕಿಲೋ ಒಣ ಹೂವಿಗೆ, ಊರಿನ ಹವೆ ಮತ್ತು ವಿದ್ಯುತ್ತಿನ ಮೂಲವನ್ನು ಅವಲಂಬಿಸಿ, 2,283ರಿಂದ 5,184 ಕಿಲೋವರೆಗೆ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಹೊರಬೀಳುತ್ತದೆ. ಕಾರ್ಖಾನೆಯ ಲೆಕ್ಕ ಬಿಡಿ, ಹವ್ಯಾಸಿಯ ಲೆಕ್ಕವನ್ನೇ ಹಾಕೋಣ. 150 ವಾಟಿನ ಒಂದೇ ದೀಪ ದಿನಕ್ಕೆ ಸರಾಸರಿ ಹದಿನೈದು ಗಂಟೆಯಂತೆ ನೂರು ದಿನ ಉರಿದರೆ 225 ಯೂನಿಟ್. ಉಚಿತ ವಿದ್ಯುತ್ತಿನ ನಮ್ಮ ಗೃಹಜ್ಯೋತಿ ಯೋಜನೆಯಲ್ಲಿ ಒಂದು ಇಡೀ ಮನೆಗೆ ತಿಂಗಳಿಗೆ ಸಿಗುವ ಗರಿಷ್ಠ 200 ಯೂನಿಟ್ಟಿಗಿಂತ ಹೆಚ್ಚು! ಫ್ಯಾನು, ತೇವ ಹೀರುವ ಯಂತ್ರ ಬೇರೆ. ಸೂರ್ಯ ಬಿಟ್ಟಿಯಾಗಿ ಮಾಡುವ ಕೆಲಸಕ್ಕೆ ಇಷ್ಟು ಖರ್ಚು.

ಇನ್ನೊಂದು ಬೆಲೆ, ಅಮಲಿನ ತೀವ್ರತೆ. ಕದ್ದು ಬೆಳೆಯುವವನಿಗೆ ಜಾಗ ಕಡಿಮೆ, ಪ್ರತಿ ಗಿಡವೂ ಅಪಾಯ. ಆದ್ದರಿಂದ ಕಡಿಮೆ ಗಿಡದಲ್ಲಿ ಹೆಚ್ಚು ಅಮಲು ಬೇಕು. ಅಫ್ಘಾನಿಸ್ತಾನದ ಕಡೆಯ ಕುಳ್ಳ ತಳಿಗಳನ್ನು ಉಷ್ಣವಲಯದ ಎತ್ತರದ ತಳಿಗಳಿಗೆ ಕೂಡಿಸಿ, ಗಂಡು ಗಿಡಗಳನ್ನು ಕಿತ್ತು, ಪರಾಗ ತಾಗದ ಹೆಣ್ಣು ಹೂವನ್ನು ಮಾತ್ರ ಉಳಿಸಿಕೊಳ್ಳುವ ಪದ್ಧತಿ ನೆಲೆನಿಂತಿತು. ಅಮೆರಿಕದ ಪೊಲೀಸರು ವಶಪಡಿಸಿಕೊಂಡ ಗಾಂಜಾದಲ್ಲಿ ಅಮಲಿನ ಅಂಶವಾದ ಟಿಎಚ್‌ಸಿ 1995ರಲ್ಲಿ ಸರಾಸರಿ ಶೇ 4ರಷ್ಟಿದ್ದದ್ದು 2014ರ ಹೊತ್ತಿಗೆ ಶೇ 12ರ ಸುತ್ತ ಬಂದಿತ್ತು. ಇದು ಬರೀ ಅಂಕಿಯಲ್ಲ. ಯುರೋಪಿನ ಹಲವು ಊರುಗಳನ್ನೂ ಬ್ರೆಜಿಲನ್ನೂ ಒಳಗೊಂಡು 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಶೇ 10 ಅಥವಾ ಅದಕ್ಕಿಂತ ತೀಕ್ಷ್ಣವಾದ ಗಾಂಜಾವನ್ನು ದಿನವೂ ಸೇದುವವರಲ್ಲಿ ಚಿತ್ತವಿಕಲತೆಯ ಸಂಭವ, ಎಂದೂ ಸೇದದವರಿಗಿಂತ ಸುಮಾರು ಐದು ಪಟ್ಟು ಕಂಡುಬಂತು. ಲಂಡನ್, ಆಮ್‌ಸ್ಟರ್‌ಡ್ಯಾಮ್‌ನಂಥ ತೀಕ್ಷ್ಣ ಮಾಲು ಸುಲಭವಾಗಿ ಸಿಗುವ ಊರುಗಳಲ್ಲಿ ಈ ಹೊರೆ ಹೆಚ್ಚು. ಗಾಂಜಾ ಬರೀ ಸೊಪ್ಪಲ್ಲವೇ, ಏನಾದೀತು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಇಪ್ಪತ್ತರ ಒಳಗಿನವರು ಇದರಿಂದ ದೂರವಿರಬೇಕೆಂದು ಮನೋವೈದ್ಯರು ಹೇಳುವುದರಲ್ಲಿ ಹೆದರಿಸುವ ಉದ್ದೇಶವಿಲ್ಲ.

ಆದ್ದರಿಂದ ದೀಪದ ಬೆಳೆಯನ್ನು ಸ್ವಾತಂತ್ರ್ಯದ ಗುರುತೆಂದು ಹಾಡಿ ಹೊಗಳುವುದು ನನಗೆ ಸರಿಕಾಣುವುದಿಲ್ಲ. ಅದು ನಿಷೇಧ ಬಿಟ್ಟುಹೋದ ಅಭ್ಯಾಸ. ನಿಷೇಧ ಹೋದ ಮೇಲೂ ಜರ್ಮನಿಯ ಹೊಸಬ ಕಿಟಕಿಯ ಬಿಸಿಲು ಬಿಟ್ಟು ಡೇರೆಗೇ ಹೋಗುತ್ತಾನೆ. ಚಳಿಯ ದೇಶ, ಬೇಸಿಗೆ ಚಿಕ್ಕದು ಎಂಬ ಕಾರಣವೂ ಇದೆ, ನಿಜ. ಆದರೆ ಕೆಲವು ದೇಶಗಳಲ್ಲಿ ಕಾನೂನುಗಳೂ ಬೆಳೆಗಾರನನ್ನು ಒಳಗೇ ನೂಕುತ್ತಿವೆ. ಮಾಲ್ಟಾದಲ್ಲೂ ಲಕ್ಸೆಂಬರ್ಗ್‌ನಲ್ಲೂ ಮನೆಗೆ ನಾಲ್ಕು ಗಿಡಕ್ಕೆ ಅವಕಾಶವಿದೆ, ಬೀದಿಯಿಂದ ಕಾಣಬಾರದು ಎಂಬ ಷರತ್ತಿನ ಮೇಲೆ. ನೆದರ್ಲೆಂಡ್ಸಿನವರ ಪದ್ಧತಿ ಈ ವಿಷಯದಲ್ಲಿ ಜಾಣತನದ್ದು: ಐದರವರೆಗೆ ಗಿಡವಿದ್ದರೆ ಸಾಮಾನ್ಯವಾಗಿ ಮೊಕದ್ದಮೆ ಹೂಡುವುದಿಲ್ಲ, ಆದರೆ ದೀಪ, ಗಾಳಿಯಂತ್ರ ಇತ್ಯಾದಿ ಜೋಡಿಸಿದ್ದರೆ ಇದು ದಂಧೆ ಇರಬಹುದೆಂದು ಅನುಮಾನಿಸುತ್ತಾರೆ. ಬಿಸಿಲಲ್ಲಿ ಬೆಳೆದವನು ಹವ್ಯಾಸಿ, ದೀಪ ಹಚ್ಚಿದವನು ವ್ಯಾಪಾರಿ ಎಂಬ ಈ ಗೆರೆ ನ್ಯೂನತೆಗಳಿದ್ದರೂ ಸರಿಯಾದ ಜಾಗದಲ್ಲಿ ಎಳೆದದ್ದು.

ಮನೆಯ ಗಿಡಕ್ಕೆ ಶತ್ರುಗಳು ಯಾರು ಎಂದು ನೋಡಿದರೆ ಈ ವಾದ ಇನ್ನೂ ಗಟ್ಟಿಯಾಗುತ್ತದೆ. ಪೊಲೀಸರು ಇದ್ದೇ ಇದ್ದಾರೆ. ಅವರ ಪಕ್ಕದಲ್ಲಿ ನಿಲ್ಲುವುದು ಗಾಂಜಾ ಕಂಪನಿಗಳು. ವಾಷಿಂಗ್ಟನ್ ರಾಜ್ಯದ ಜನ 2012ರಲ್ಲೇ ಗಾಂಜಾ ಮಾರಾಟವನ್ನು ಕಾನೂನುಬದ್ಧಗೊಳಿಸಿದರು. ಅಂಗಡಿಯಲ್ಲಿ ಕೊಳ್ಳಬಹುದು, ವೈದ್ಯರ ಚೀಟಿಯಿಲ್ಲದೆ ಮನೆಯಲ್ಲಿ ಬೆಳೆದರೆ ಮಾತ್ರ ಅಪರಾಧ. ನ್ಯೂಜೆರ್ಸಿಯಲ್ಲೂ ಅಂಗಡಿಗೆ ಸ್ವಾಗತ, ಕುಂಡಕ್ಕೆ ಜೈಲು. ನ್ಯೂಯಾರ್ಕ್‌ನಲ್ಲಿ ಕಾನೂನು ರೂಪುಗೊಳ್ಳುತ್ತಿದ್ದಾಗ ಮನೆಬೆಳೆಗೆ ಅವಕಾಶ ಕೊಡಬೇಡಿ ಎಂದು ಗವರ್ನರ್ ಕಚೇರಿಗೆ ಬರೆದುಕೊಟ್ಟವರು ಪಾದ್ರಿಗಳಲ್ಲ, ಔಷಧ ಗಾಂಜಾ ಮಾರುವ ಕಂಪನಿಗಳ ಸಂಘದವರು. ಸುರಕ್ಷತೆ, ಗುಣಮಟ್ಟ, ಮಕ್ಕಳು ಎಂಬ ಮಾತುಗಳೇ ಅವರ ಬಾಯಲ್ಲೂ ಇದ್ದವು. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಮನೆಗೆ ನಾಲ್ಕು ಗಿಡ ಸಿಕ್ಕವು, ಜೊತೆಗೆ ಬೃಹತ್ ಕಂಪನಿಗಳೂ ಬಂದವು. ಆಂಟೇರಿಯೊದ ಸ್ಮಿತ್ಸ್ ಫಾಲ್ಸ್ ಊರಿನಲ್ಲಿ ಹರ್ಷೀಸ್ ಚಾಕೊಲೇಟಿನ ಹಳೆಯ ಕಾರ್ಖಾನೆಯನ್ನು ಕೊಂಡ ಕ್ಯಾನೊಪಿ ಗ್ರೋತ್ ಕಂಪನಿಗೆ ಮದ್ಯದ ದೈತ್ಯ ಕಾನ್‌ಸ್ಟಲೇಶನ್ ಐದು ಬಿಲಿಯನ್ ಕೆನಡಿಯನ್ ಡಾಲರ್ ಸುರಿಯಿತು. 2023ರಲ್ಲಿ ಅದೇ ಕಟ್ಟಡವನ್ನು 53 ಮಿಲಿಯನ್‌ಗೆ ಹರ್ಷೀಸ್‌ಗೇ ಹಿಂದಕ್ಕೆ ಮಾರಬೇಕಾಯಿತು. ನಾಲ್ಕು ಗಿಡ ಬೆಳೆಯುವವರಿಗೆ ಇದರಿಂದ ಏನೂ ಆಗಲಿಲ್ಲ.

ಮೂರನೆಯ ಶತ್ರು ಬೊಕ್ಕಸ. ಇದನ್ನು ತಿಳಿಯಲು ಹೊರದೇಶಕ್ಕೆ ಹೋಗಬೇಕಿಲ್ಲ. 1893ರಲ್ಲಿ ಬ್ರಿಟಿಷ್ ಸರ್ಕಾರ ಭಾರತದ ಗಾಂಜಾ, ಭಂಗಿ, ಚರಸ್‌ಗಳ ಬಗ್ಗೆ ಒಂದು ಆಯೋಗ ನೇಮಿಸಿತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ, ಸಂಪುಟಗಟ್ಟಲೆ ವರದಿ ಬರೆದು, ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಪೂರ್ತಿ ನಿಷೇಧ ಬೇಡ ಎಂದು ಅದು ಹೇಳಿತು. ಗಾಂಜಾಪ್ರಿಯರು ಈ ವರದಿಯನ್ನು ಆಗಾಗ ಎತ್ತಿ ತೋರಿಸುತ್ತಾರೆ. ಅವರು ಓದದೆ ಬಿಡುವ ಪುಟವೊಂದಿದೆ. ಲೈಸೆನ್ಸ್ ಇಲ್ಲದ ಬೆಳೆಯನ್ನು ನಿಲ್ಲಿಸಿ, ಕೃಷಿಯನ್ನು ಒಂದೆಡೆ ಒಟ್ಟುಗೂಡಿಸಿ, ತೆರಿಗೆ ಹಾಕಿ ಎಂದೂ ಅದೇ ಆಯೋಗ ಶಿಫಾರಸು ಮಾಡಿತು. ಸೇದುವುದಕ್ಕೆ ಅಡ್ಡಿಯಿಲ್ಲ, ಸುಂಕ ಕೊಡದೆ ಬೆಳೆದುಕೊಳ್ಳುವುದಕ್ಕೆ ಅಡ್ಡಿ. ಹಿತ್ತಿಲ ಗಿಡ ಈ ದೇಶದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಅಬಕಾರಿ ಇಲಾಖೆಗೆ.

ಆ ಲೆಕ್ಕಾಚಾರದ ಗುರುತು 1985ರ ನಮ್ಮ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಲ್ಲೂ, ಬೇರೆ ವೇಷದಲ್ಲಿ, ಉಳಿದಿದೆ. ಕಾಯ್ದೆಯ 20ನೇ ಕಲಮನ್ನು ನಿಧಾನವಾಗಿ ಓದಬೇಕು. ಗಾಂಜಾ ಇಟ್ಟುಕೊಂಡವನಿಗೆ ಶಿಕ್ಷೆ ತೂಕದ ಮೇಲೆ: ಒಂದು ಕಿಲೋವರೆಗೆ ಅಲ್ಪ ಪ್ರಮಾಣ, ಒಂದು ವರ್ಷದವರೆಗೆ ಜೈಲು ಅಥವಾ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕೆ ಮೇಲ್ಪಟ್ಟು, ವಾಣಿಜ್ಯ ಪ್ರಮಾಣವಾದ 20 ಕಿಲೋಗಿಂತ ಕೆಳಗಿದ್ದರೆ ಹತ್ತು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಬೆಳೆದವನಿಗೆ? ತೂಕವಿಲ್ಲ, ಎಣಿಕೆಯಿಲ್ಲ. ಒಂದು ಗಿಡವಿರಲಿ, ಒಂದು ಎಕರೆಯಿರಲಿ, ಹತ್ತು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಅಷ್ಟೇ ಅಲ್ಲ, ಕಾಯ್ದೆಯ ಅರ್ಥದಲ್ಲಿ ಆ ಕುಲದ ಯಾವ ಗಿಡವಾದರೂ ಗಾಂಜಾ ಗಿಡವೇ. ಗಾಂಜಾ ಕೊಡದ ಗಂಡು ಗಿಡವೂ ಲೆಕ್ಕಕ್ಕೆ ಬರುತ್ತದೆ. ಅದೇ ಗಿಡದ ಎಲೆ ಮಾತ್ರ, ಹೂತುದಿಯಿಲ್ಲದೆ ಇದ್ದರೆ, ಗಾಂಜಾ ಎಂಬ ವ್ಯಾಖ್ಯೆಯ ಹೊರಗೆ. ಭಂಗಿಯನ್ನು ಈ ಕಾಯ್ದೆ ನಿಷೇಧಿಸಿಲ್ಲ ಎಂದು 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಅರ್ಜಿಯಲ್ಲಿ ಹೇಳಿದ್ದೂ ಈ ವ್ಯಾಖ್ಯೆಯ ಬಲದಿಂದಲೇ. ಎಲೆಗೆ ವಿನಾಯಿತಿ, ಎಲೆ ಬಿಡುವ ಗಿಡಕ್ಕೆ ಹತ್ತು ವರ್ಷ!

ಇದರ ಫಲಿತಾಂಶವನ್ನು ಬಿಡಿಸಿ ನೋಡಿ. ಒಬ್ಬ ದಲ್ಲಾಳಿಯ ಹತ್ತಿರ ಹೋಗಿ ಒಂಬೈನೂರು ಗ್ರಾಂ ಕೊಂಡುತಂದವನಿಗೆ ಹೆಚ್ಚೆಂದರೆ ಒಂದು ವರ್ಷ. ಯಾರ ಗೊಡವೆಗೂ ಹೋಗದೆ ಕುಂಡದಲ್ಲಿ ಒಂದು ಗಿಡ ಬೆಳೆದವನಿಗೆ ಹೆಚ್ಚೆಂದರೆ ಹತ್ತು ವರ್ಷ. 2024ರ ನವೆಂಬರಿನಲ್ಲಿ ಬೆಂಗಳೂರಿನ ದಂಪತಿಯೊಬ್ಬರು ಬಾಲ್ಕನಿಯ ಹೂಕುಂಡಗಳ ನಡುವೆ ಗಾಂಜಾ ಬೆಳೆದು ಸಿಕ್ಕಿಬಿದ್ದ ಸುದ್ದಿ ಹಲವರು ಓದಿರಬಹುದು. ಕೈತೋಟದ ವಿಡಿಯೊವನ್ನು ಫೇಸ್‌ಬುಕ್ಕಿಗೆ ಹಾಕಿದ್ದರು, ನೋಡಿದವರು ಪೊಲೀಸರಿಗೆ ತಿಳಿಸಿದರು. ಊರೆಲ್ಲ ನಕ್ಕಿತು. ಪೊಲೀಸರಿಗೆ ಸಿಕ್ಕ ಮಾಲು ಸುಮಾರು 54 ಗ್ರಾಂ, ಅಂದರೆ ಅಲ್ಪ ಪ್ರಮಾಣದ ಮಿತಿಯ ಇಪ್ಪತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಅವರು ಬೆಳೆದದ್ದು ತಾವು ಸೇದಲೋ ಮಾರಲೋ ಎಂಬುದು ತನಿಖೆಯ ಮಾತು, ನಾನದಕ್ಕೆ ಹೋಗುವುದಿಲ್ಲ. ಆದರೆ ಅದೇ 54 ಗ್ರಾಮನ್ನು ಯಾವುದೋ ಓಣಿಯಲ್ಲಿ ಯಾರಿಂದಲೋ ಕೊಂಡಿದ್ದರೆ ಅವರು ಎದುರಿಸುತ್ತಿದ್ದದ್ದು ಹಗುರವಾದ ಕಲಮು. ಕಾಯ್ದೆ ಬಳಕೆದಾರನ ಬೆನ್ನಿಗೆ ಕೈಯಿಟ್ಟು ದಲ್ಲಾಳಿಯ ಕಡೆಗೆ ದೂಡುತ್ತಿದೆ. ಬೆಂಗಳೂರಿಗೆ ಗಾಂಜಾ ತರುವ ಜಾಲಗಳಿಗೆ ಇದಕ್ಕಿಂತ ಒಳ್ಳೆಯ ಸಹಾಯ ಬೇಕೆ?

ಇಲ್ಲಿ ಇನ್ನೊಂದು ಬಗೆಯ ಪ್ರಕರಣವನ್ನು ಬೇರೆಯಾಗಿ ಇಡಬೇಕು. ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ದೀಪ, ಡೇರೆ ಹೂಡಿ ಗಾಂಜಾ ಬೆಳೆದ ವಿದ್ಯಾರ್ಥಿಗಳು 2023ರಲ್ಲಿ ಸಿಕ್ಕಿಬಿದ್ದರು. ಬಿಡದಿಯ ಬಂಗಲೆಯೊಂದರಲ್ಲಿ ಅದಕ್ಕೂ ಹಿಂದೆ ಇಂಥದೇ ಏರ್ಪಾಡು ಪತ್ತೆಯಾಗಿತ್ತು. ಮಾರಾಟಕ್ಕೆಂದು ಬೆಳೆದರೆ ಅದು ದಂಧೆ, ಅದಕ್ಕೆ ಕಠಿಣ ಶಿಕ್ಷೆಯಿರಲಿ. ನನ್ನ ತಕರಾರು ಇರುವುದು ಬಿಡದಿಯ ಬಂಗಲೆಗೂ ಬಾಲ್ಕನಿಯ ಕುಂಡಕ್ಕೂ ಒಂದೇ ವಾಕ್ಯ ಬರೆದಿಟ್ಟ ಕಾಯ್ದೆಯ ಬಗ್ಗೆ.

ಬೇರೆ ದೇಶಗಳ ನ್ಯಾಯಾಲಯಗಳು ಈ ವ್ಯತ್ಯಾಸವನ್ನು ಎಂದೋ ಗುರುತಿಸಿವೆ. ತನ್ನ ಸಂವಿಧಾನದಲ್ಲಿ ಖಾಸಗಿತನದ ಹಕ್ಕನ್ನು ಬರೆದುಕೊಂಡಿದ್ದ ಅಲಾಸ್ಕದ ಸುಪ್ರೀಂ ಕೋರ್ಟ್, ವಯಸ್ಕನೊಬ್ಬ ತನ್ನ ಮನೆಯೊಳಗೆ ತನಗಾಗಿ ಗಾಂಜಾ ಇಟ್ಟುಕೊಳ್ಳುವುದನ್ನು ಸರ್ಕಾರ ತಡೆಯಲಾಗದು ಎಂದು 1975ರಲ್ಲೇ ಹೇಳಿತು. ದಕ್ಷಿಣ ಆಫ್ರಿಕದಲ್ಲಿ ಗ್ಯಾರೆತ್ ಪ್ರಿನ್ಸ್ ಎಂಬ ರಾಸ್ತಫಾರಿ ಪಂಥದ ಕಾನೂನು ಪದವೀಧರ ಧಾರ್ಮಿಕ ಸ್ವಾತಂತ್ರ್ಯದ ವಾದ ಹೂಡಿ 2002ರಲ್ಲಿ ಒಂದೇ ಮತದ ಅಂತರದಲ್ಲಿ ಸೋತಿದ್ದರು. 2018ರಲ್ಲಿ ಖಾಸಗಿತನದ ವಾದದ ಮೇಲೆ ಗೆದ್ದರು. ವಯಸ್ಕರು ಖಾಸಗಿ ಜಾಗದಲ್ಲಿ ತಮ್ಮ ಬಳಕೆಗಾಗಿ ಬೆಳೆಯುವುದು ಅಪರಾಧವಲ್ಲ ಎಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ತೀರ್ಮಾನಿಸಿತು. 2024ರಲ್ಲಿ ಅದಕ್ಕೆ ಕಾನೂನಿನ ರೂಪವೂ ಸಿಕ್ಕಿತು. ಎದುರು ಉದಾಹರಣೆಯೂ ಇದೆ: ಮನೆಬೆಳೆಯನ್ನು ಪೂರ್ತಿ ನಿಷೇಧಿಸಿದ ಕ್ವಿಬೆಕ್ ಪ್ರಾಂತದ ಕಾನೂನನ್ನು ಕೆನಡಾದ ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ. ಆ ತೀರ್ಪಿನಿಂದ ನೇರವಾಗಿ ಗಾಂಜಾ ಬೆಳೆಯುವ ಹಕ್ಕು ಹೊರಡುತ್ತದೆ ಎನ್ನುವುದು ಅತಿಯಾದೀತು. ಶಿಕ್ಷೆ ಅಪರಾಧಕ್ಕೆ ತಕ್ಕಷ್ಟಿರಬೇಕು ಎಂಬ ಮಾತಂತೂ ಖಂಡಿತ ಹೊರಡುತ್ತದೆ.

ಆಕ್ಷೇಪಗಳಿವೆ. ಗಟ್ಟಿಯಾದದ್ದು ಮಕ್ಕಳದು. ಜರ್ಮನಿಯ ಒಂಟಿ ನಿವಾಸಿಯ ಮನೆ ಬೇರೆ, ಮೂರು ತಲೆಮಾರು ಎರಡು ಕೋಣೆಯಲ್ಲಿ ಬಾಳುವ ನಮ್ಮ ಮನೆ ಬೇರೆ. ಬೀಗ ಹಾಕಿದ ಕೋಣೆ ಎಂಬುದು ನಮ್ಮಲ್ಲಿ ಎಷ್ಟು ಮನೆಗಳಲ್ಲಿದೆ? ತಂದೆಯೇ ಬೆಳೆದು ಸೇದುವ ಮನೆಯಲ್ಲಿ ಹದಿನಾರರ ಮಗನಿಗೆ ಏನೆಂದು ಬುದ್ಧಿ ಹೇಳುವುದು? ಇದಕ್ಕೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ; ಈ ಕಾರಣಕ್ಕಾಗಿಯೇ ಜರ್ಮನಿಯ ಕಾನೂನನ್ನು ಹಾಗೇ ಎತ್ತಿ ಇಲ್ಲಿ ನೆಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅದೇ ಮನೆಯ ಅಪ್ಪ ಒಂದು ಗಿಡಕ್ಕಾಗಿ ವರ್ಷಗಟ್ಟಲೆ ಜೈಲಿಗೆ ಹೋದರೆ ಮಗ ಉದ್ಧಾರವಾಗುತ್ತಾನೆ ಎಂಬ ನಂಬಿಕೆಗೂ ಆಧಾರವಿಲ್ಲ. ಸೋರಿಕೆಯ ಆಕ್ಷೇಪ ಇದಕ್ಕಿಂತ ದುರ್ಬಲ. ಒಂದೆರಡು ಗಿಡದ ಹೆಚ್ಚುವರಿ ಮಾಲು ಪಕ್ಕದ ಮನೆಗೆ ಹೋಗಬಹುದು. ಒಂದು ನಗರದ ಬೇಡಿಕೆಯನ್ನು ಅದು ಪೂರೈಸಲಾರದು. ಮನೆಬೆಳೆಯ ಮಾಲಿನ ಗುಣಮಟ್ಟ ಯಾರೂ ಪರೀಕ್ಷಿಸುವುದಿಲ್ಲ ಎನ್ನುವವರು ಬೀದಿಯ ಪೊಟ್ಟಣವನ್ನು ಯಾರು ಪರೀಕ್ಷಿಸುತ್ತಾರೆಂದು ಮೊದಲು ಹೇಳಲಿ.

ಜರ್ಮನಿಯಲ್ಲೂ ಈ ವ್ಯವಹಾರ ಇತ್ಯರ್ಥವಾಗಿಲ್ಲ. 2025ರಲ್ಲಿ ಬಂದ ಹೊಸ ಸಮ್ಮಿಶ್ರ ಸರ್ಕಾರ ಕಾನೂನನ್ನು ಮರುಪರಿಶೀಲಿಸುವುದಾಗಿ ತನ್ನ ಒಪ್ಪಂದದಲ್ಲೇ ಬರೆದುಕೊಂಡಿದೆ. ಪರಿಶೀಲಿಸಲಿ. ಅಮಲಿನ ವಸ್ತುವಿನ ಬಗ್ಗೆ ಮಾಡಿದ ಯಾವ ಕಾನೂನೂ ಪರಿಶೀಲನೆ ಬೇಡವೆನ್ನುವಷ್ಟು ಪವಿತ್ರವಲ್ಲ. ನಮ್ಮ 20ನೇ ಕಲಮೂ ಅಲ್ಲ.

ಬೇಕಾಗಿರುವ ತಿದ್ದುಪಡಿ ದೊಡ್ಡದೇನೂ ಅಲ್ಲ. ಇಟ್ಟುಕೊಳ್ಳುವುದಕ್ಕೆ ಅಲ್ಪ ಪ್ರಮಾಣ ಎಂಬ ಮೆಟ್ಟಿಲು ಇರುವ ಹಾಗೆ ಬೆಳೆಯುವುದಕ್ಕೂ ಒಂದು ಮೆಟ್ಟಿಲು ಬೇಕು: ಇಂತಿಷ್ಟು ಗಿಡದವರೆಗೆ, ಮಾರಾಟದ ಸುಳಿವಿಲ್ಲದಿದ್ದರೆ, ಶಿಕ್ಷೆ ಕೊಂಡವನಿಗಿರುವುದಕ್ಕಿಂತ ಹೆಚ್ಚಿರಬಾರದು. ದೀಪ, ಡೇರೆ ಹೂಡಿದ್ದರೆ ಆ ರಿಯಾಯಿತಿ ಬೇಡ. ಇದು ಕೇಂದ್ರದ ಕಾಯ್ದೆ, ತಿದ್ದಬೇಕಾದ್ದು ಸಂಸತ್ತು. ನಮ್ಮ ಸಂಸದರಲ್ಲಿ ಯಾರಾದರೂ ಒಬ್ಬರು ಇದನ್ನೊಂದು ಪ್ರಶ್ನೆಯಾಗಿಯಾದರೂ ಎತ್ತಲಿ. ಅಲ್ಲಿಯವರೆಗೆ, ಜರ್ಮನಿಯ ಕಥೆ ಓದಿ ಹುರುಪಾಗಿ ಕುಂಡಕ್ಕೆ ಮಣ್ಣು ತುಂಬುವವರು ತಿಳಿದಿರಬೇಕಾದ ಮಾತು ಒಂದೇ: ಈ ದೇಶದಲ್ಲಿ ಒಂದು ಗಿಡಕ್ಕೂ ಹತ್ತು ವರ್ಷದವರೆಗಿನ ಜೈಲು ಇಂದಿಗೂ ಜಾರಿಯಲ್ಲಿದೆ.